ಅಪ್ಪ ಹೊಡೆದರೆ ಅದು ಯಾವ ಟಚ್ಚು ಮಿಸ್?

ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವರ ಕಿವಿಗೆ ದಿನವಿಡೀ ದೂರುಗಳು ಬೀಳುತ್ತಲೇ ಇರುತ್ತವೆ. ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಶುರು. "ಮಿಸ್, ಇವ್ನು ನನ್ ರಬ್ಬರ್ ತಗೊಂಡ." "ಮಿಸ್, ಅವ್ಳು ನಂಗೆ ಠೂ ಬಿಟ್ಲು." "ಮಿಸ್, ಲೈನಲ್ಲಿ ತಳ್ದ." ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಒಂದಷ್ಟು, ಆಟದ ಪೀರಿಯಡ್ಡಿನಲ್ಲಿ ಇನ್ನಷ್ಟು, ಸಂಜೆ ಬ್ಯಾಗು ಹೆಗಲಿಗೇರಿದ ಮೇಲೂ ಗೇಟಿನ ಹತ್ತಿರ ಕೊನೆಯದೊಂದು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಕೂರಿಸಿಕೊಂಡು, ನಡುವೆ ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಹಾಜರಾತಿ ಎಲ್ಲವನ್ನೂ ನೋಡಿಕೊಳ್ಳುವ ನಮ್ಮಂಥ ಸರ್ಕಾರಿ ಶಾಲೆಗಳಲ್ಲಿ ಇವಕ್ಕೆಲ್ಲ ಒಂದು ಸಿದ್ಧ ಉತ್ತರವಿದೆ: "ಹೋಗು, ಕೂತ್ಕೋ. ಬರೀ ಚಾಡಿ ಹೇಳ್ಕೊಂಡು ಬರ್ಬೇಡ." ಯಾವ ಶಾಲೆಗೆ ಹೋದರೂ ಈ ಮಾತು ಕೇಳುತ್ತದೆ. ಹೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಕೈತುಂಬ ಕೆಲಸವಿರುವವರ ಬಾಯಲ್ಲಿ ತಾನಾಗಿಯೇ ಬರುವ ಮಾತು ಅದು.

ಇದೇ ಕಟ್ಟಡದಲ್ಲಿ, ಇದೇ ಮಕ್ಕಳಿಗೆ, ವರ್ಷಕ್ಕೊಂದು ದಿನ ಬೇರೆಯದೇ ಮಾತು ಹೇಳುತ್ತೇವೆ. ಯಾರಾದರೂ ನಿಮಗೆ ಇಷ್ಟವಾಗದ ಹಾಗೆ ಮುಟ್ಟಿದರೆ ಬೇಡ ಅನ್ನಿ, ಅಲ್ಲಿಂದ ಓಡಿ ಬನ್ನಿ, ನಿಮಗೆ ನಂಬಿಕೆಯಿರುವ ದೊಡ್ಡವರಿಗೆ ಹೇಳಿ. ಉಳಿದ ಇನ್ನೂರು ಚಿಲ್ಲರೆ ದಿನ ಹೇಳಬೇಡ ಎಂದು ಕಲಿಸಿ, ಒಂದೇ ಒಂದು ದಿನ ಎಲ್ಲವನ್ನೂ ಹೇಳು ಅಂದರೆ ಮಗು ಯಾವುದನ್ನು ನಂಬಬೇಕು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿದೆ. ಮಕ್ಕಳಿಗೆ ದೇಹದ ಬಗ್ಗೆ, ಸಂಬಂಧಗಳ ಬಗ್ಗೆ, ಸುರಕ್ಷತೆಯ ಬಗ್ಗೆ ಕಲಿಸಬೇಕು ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಆ ಕಲಿಕೆ ನಿಜವಾಗಿ ಯಾವ ಹೊತ್ತಿನಲ್ಲಿ, ಯಾರ ಎದುರು, ಯಾವ ಮಾತಿನಲ್ಲಿ ನಡೆಯುತ್ತದೆ ಅನ್ನುವುದನ್ನು ಮಾತ್ರ ನಾವು ಸರಿಯಾಗಿ ನೋಡಿಲ್ಲ ಅನ್ನಿಸುತ್ತದೆ.

ಫ್ಲೆಕ್ಸ್ ಬಂದ ದಿನ

ತುಮಕೂರು ಜಿಲ್ಲೆಯ ಬಯಲುಸೀಮೆಯ ಹಳ್ಳಿ ನಮ್ಮದು. ಮಕ್ಕಳ ರಕ್ಷಣೆಯ ಬಗ್ಗೆ ಅರಿವು ಮೂಡಿಸಲು ತಾಲ್ಲೂಕಿನಿಂದ ಸಂಪನ್ಮೂಲ ವ್ಯಕ್ತಿಯಾಗಿ ಒಬ್ಬ ಹುಡುಗಿ ಬಂದಿದ್ದಳು. ಚಿಕ್ಕ ವಯಸ್ಸು, ತುಂಬ ಉತ್ಸಾಹ, ಮಕ್ಕಳ ಜೊತೆ ನೆಲದ ಮೇಲೇ ಕೂತಳು. ಕರಿಹಲಗೆಗೆ ಫ್ಲೆಕ್ಸ್ ತೂಗುಹಾಕಿದೆವು. ಒಬ್ಬ ಹುಡುಗ, ಒಬ್ಬ ಹುಡುಗಿಯ ಚಿತ್ರ. ಮೈಮೇಲೆ ಕೆಲವು ಕಡೆ ಹಸಿರು ಬೊಟ್ಟು, ಕೆಲವು ಕಡೆ ಕೆಂಪು ಬೊಟ್ಟು. ಆಕೆ ಒಂದೊಂದೇ ಬೊಟ್ಟಿನ ಮೇಲೆ ಕೋಲಿಟ್ಟು ಕೇಳುವುದು, ಮಕ್ಕಳು ಒಕ್ಕೊರಲಲ್ಲಿ "ಗುಡ್ ಟಚ್!" "ಬ್ಯಾಡ್ ಟಚ್!" ಎಂದು ಕೂಗುವುದು. ಮಗ್ಗಿ ಹೇಳುವ ರಾಗವೇ ಅದಕ್ಕೂ ಬಂದುಬಿಟ್ಟಿತ್ತು. ಸಹಾಯವಾಣಿಯ ನಂಬರನ್ನೂ ಹಾಗೇ ಕೂಗಿಸಿದಳು: ಹತ್ತು, ಒಂಬತ್ತು, ಎಂಟು. ಒಂದನೇ ತರಗತಿಯ ಮಕ್ಕಳಿಗೂ 1098 ಬಾಯಿಪಾಠವಾಯಿತು. ಅಷ್ಟರಮಟ್ಟಿಗೆ ಅದು ಒಳ್ಳೆಯ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಗೆ ಆಕೆ "ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?" ಅಂದಳು. ಹಿಂದಿನ ಸಾಲಿನಲ್ಲಿ ನಾಲ್ಕನೇ ತರಗತಿಯ ಒಬ್ಬ ಹುಡುಗ ಕೈಯೆತ್ತಿದ. ಪಾಠದ ವಿಷಯದಲ್ಲಿ ಎಂದೂ ಕೈಯೆತ್ತದವನು.

"ಮಿಸ್, ಅಪ್ಪ ಹೊಡೆದ್ರೆ ಅದು ಯಾವ ಟಚ್ಚು?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಹುಡುಗ ನಗಲಿಲ್ಲ. ಆಕೆಯೂ ಒಂದು ಕ್ಷಣ ಫ್ಲೆಕ್ಸ್ ಕಡೆ ನೋಡಿದಳು. ಬೆನ್ನಿಗೆ ಅದರಲ್ಲಿ ಹಸಿರು ಬೊಟ್ಟಿತ್ತು. "ಅಪ್ಪ ನಿಮ್ಮ ಒಳ್ಳೇದಕ್ಕೇ ಅಲ್ವಾ ಹೊಡೆಯೋದು?" ಅಂದು ಮುಂದಿನ ಪ್ರಶ್ನೆಗೆ ಹೋದಳು. ಆಮೇಲೆ ಗುಂಪಿನ ಫೋಟೊ ತೆಗೆದಿದ್ದಾಯಿತು, ವರದಿಗೆ ಎಚ್ಚೆಮ್ಮರ, ಅಂದರೆ ಮುಖ್ಯ ಶಿಕ್ಷಕರ, ಸಹಿಯಾಯಿತು, ಫೋಟೊ ಸುತ್ತಲಿನ ಶಾಲೆಗಳ ಕ್ಲಸ್ಟರಿನ ವಾಟ್ಸಾಪ್ ಗುಂಪಿಗೂ ಹೋಯಿತು.

ಆ ಹುಡುಗನ ತರ್ಕದಲ್ಲಿ ತಪ್ಪೇನಿದೆ ಎಂದು ನಾನು ಆವತ್ತಿನಿಂದ ಯೋಚಿಸುತ್ತಿದ್ದೇನೆ. ನಿನ್ನ ಮೈ ನಿನ್ನದು, ನಿನಗೆ ಇಷ್ಟವಿಲ್ಲದೆ ಯಾರೂ ಅದನ್ನು ಮುಟ್ಟುವಂತಿಲ್ಲ ಎಂದು ಅರ್ಧ ಗಂಟೆ ಕೇಳಿಸಿಕೊಂಡ. ಮನೆಯಲ್ಲಿ ಅಪ್ಪನ ಬೆಲ್ಟು, ಕೆಲವು ಶಾಲೆಗಳಲ್ಲಿ ಇವತ್ತಿಗೂ ಬೀರುವಿನ ಮೇಲಿರುವ ಬೆತ್ತ, ಹಾದಿಯಲ್ಲಿ ತಲೆಗೆ ಮೊಟಕಿ ಹೋಗುವ ದೊಡ್ಡ ಹುಡುಗರು, ಇವರಲ್ಲಿ ಯಾರೂ ಅವನನ್ನು ಕೇಳಿ ಮೈ ಮುಟ್ಟುವುದಿಲ್ಲ. ದೊಡ್ಡವರು ಬೇಕೆಂದಾಗ ಮಗುವಿನ ಮೈಗೆ ಕೈ ಹಾಕಬಹುದು, ನೋಯಿಸಲೂಬಹುದು, ಮಗು ಸುಮ್ಮನಿರಬೇಕು. ವರ್ಷವಿಡೀ ಅವನು ಕಲಿಯುತ್ತಿರುವ ಪಾಠ ಇದು. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ. ಅದರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಆ ಸೆಕ್ಷನ್ನನ್ನು ನಾವು ಶಿಕ್ಷಕರನ್ನು ಹೆದರಿಸುವ ಕಾನೂನು ಎಂದಷ್ಟೇ ಓದಿಕೊಂಡೆವು. ಮಗುವಿಗೆ ಅದರ ಮೈಯ ಬಗ್ಗೆ ಸಿಗುವ ಮೊದಲ ಪಾಠ ಅದರಲ್ಲಿದೆ. ಹೊಡೆತ ತಿನ್ನುವ ಮಗುವಿಗೆ ಕೆಂಪು ಬೊಟ್ಟು, ಹಸಿರು ಬೊಟ್ಟು ಎಷ್ಟು ತೋರಿಸಿದರೂ "ಬೇಡ" ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಆ ಹುಡುಗನಿಗೆ ನಾನು ಮಾರನೇ ದಿನ ಉತ್ತರ ಕೊಟ್ಟೆ. ಇಡೀ ತರಗತಿಗೇ ಕೊಟ್ಟೆ. "ನೋವಾಗೋ ಹಾಗೆ ಯಾರು ಹೊಡೆದ್ರೂ ಅದು ಸರಿಯಲ್ಲ. ಅಪ್ಪ ಹೊಡೆದ್ರೂ ಸರಿಯಲ್ಲ, ನಾನು ಹೊಡೆದ್ರೂ ಸರಿಯಲ್ಲ. ಅಪ್ಪಂಗೆ ನಿನ್ನ ಮೇಲೆ ಪ್ರೀತಿ ಇರ್ಬೋದು. ಆದ್ರೂ ಹೊಡೆಯೋದು ಸರಿಯಲ್ಲ." ಹುಡುಗ ತಲೆ ಆಡಿಸಿದ. ಪ್ರೀತಿಸುವವರೂ ತಪ್ಪು ಮಾಡಬಹುದು ಅನ್ನುವ ಮಾತು ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಅದು ಅರ್ಥವಾಗಬೇಕಾದ ತುರ್ತು ದೊಡ್ಡದು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ ಮಾತಾಡಿದ ಮಕ್ಕಳಲ್ಲಿ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕರಣಗಳ ವಾರ್ಷಿಕ ಅಂಕಿಅಂಶ ನೋಡಿದರೆ ಅತ್ಯಾಚಾರದ ಆರೋಪಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮಗುವಿಗೆ ಗೊತ್ತಿರುವವರು: ನೆಂಟರು, ನೆರೆಯವರು, ಮನೆಗೆ ಬಂದುಹೋಗುವವರು. ಫ್ಲೆಕ್ಸಿನ ಮೂಲೆಯಲ್ಲಿದ್ದ ಮೀಸೆಯ, ಕಪ್ಪು ಕನ್ನಡಕದ ಅಪರಿಚಿತ ಚಾಕಲೇಟು ಹಿಡಿದು ನಿಂತಿದ್ದ. ಆ ಚಿತ್ರ ನೋಡಿದ ಮಗು ಮನೆಯೊಳಗಿನವರಿಂದ ತೊಂದರೆಯಾದಾಗ ಅದನ್ನು ಗುರುತಿಸುವುದಾದರೂ ಹೇಗೆ?

ಯಾವ ತರಗತಿಯಿಂದ?

ಈ ದೇಶದಲ್ಲಿ ಲೈಂಗಿಕ ಶಿಕ್ಷಣದ ಚರ್ಚೆ ಶುರುವಾದಾಗಿನಿಂದ ಇದೊಂದೇ ಪ್ರಶ್ನೆಗೆ ಜೋತುಬಿದ್ದಿದ್ದೇವೆ. 2005ರ ಹೊತ್ತಿಗೆ ಹದಿಹರೆಯದ ಶಿಕ್ಷಣ ಎಂಬ ಹೆಸರಿನಲ್ಲಿ ಕೇಂದ್ರದ ಕಾರ್ಯಕ್ರಮ ಬಂತು, ಅದೂ ಪ್ರೌಢಶಾಲೆಯಿಂದ ಮೇಲೆ. 2007ರಲ್ಲಿ ಸಂಸ್ಕೃತಿ ಕೆಡುತ್ತದೆ ಎಂಬ ಕೂಗೆದ್ದು ಹಲವು ರಾಜ್ಯಗಳು ಅದನ್ನು ತಡೆದವು, ಕರ್ನಾಟಕವೂ ತಡೆಯಿತು. 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. 2016ರಲ್ಲಿ ನಮ್ಮ ರಾಜ್ಯದ ಮಕ್ಕಳ ರಕ್ಷಣಾ ನೀತಿ ಬಂತು. 2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು: ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು, ಒಟ್ಟು 11 ವಿಷಯಗಳು. ಅದರ ಪಟ್ಟಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಭಾವನೆಗಳು ಮತ್ತು ಮಾನಸಿಕ ಆರೋಗ್ಯ, ಪರಸ್ಪರ ಸಂಬಂಧಗಳು, ಲಿಂಗ ಸಮಾನತೆ, ಇಂಟರ್‌ನೆಟ್ ಬಳಕೆಯ ಎಚ್ಚರ, ಎಲ್ಲವೂ ಅದರಲ್ಲಿದ್ದವು. 2022ರಲ್ಲಿ ರಾಜ್ಯದ ಹೈಕೋರ್ಟು ಒಂಬತ್ತನೇ ತರಗತಿಯಿಂದಲಾದರೂ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಬೇಕೆಂದಿತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಲೈಂಗಿಕ ಶಿಕ್ಷಣವನ್ನು ಒಂಬತ್ತನೇ ತರಗತಿಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಕೊಡಬೇಕೆಂದು ಅಭಿಪ್ರಾಯಪಟ್ಟಿತು.

ಇಷ್ಟಾದರೂ ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳ ಪಾಲಿಗೆ ಉಳಿದಿರುವುದು ಆ ಒಂದು ದಿನದ ಫ್ಲೆಕ್ಸು. ಚಿಕ್ಕ ತರಗತಿಗಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯಲ್ಲಿ ದೇಹದ ಭಾಗಗಳನ್ನು ಕಲಿಸುವಾಗ ತಲೆ, ಭುಜ, ಎದೆ, ಹೊಟ್ಟೆ ಆದಮೇಲೆ ನಮ್ಮ ಬೆರಳು ನೇರ ಮೊಣಕಾಲಿಗೆ ಹೋಗುತ್ತದೆ. ನಡುವೆ ಏನೂ ಇಲ್ಲವೇ ಇಲ್ಲ ಎಂಬಂತೆ. ಅಲ್ಲಿ ಉರಿ ಬಂದರೆ, ಗಾಯವಾದರೆ, ಯಾರಾದರೂ ಮುಟ್ಟಿದರೆ ಮಗು ಏನೆಂದು ಹೇಳಬೇಕು? ಎರಡನೇ ತರಗತಿಯ ಮಗುವೊಂದು "ಹೊಟ್ಟೆನೋವು" ಎಂದು ಹಲವು ದಿನ ಅಳುತ್ತಿತ್ತು. ಅಜ್ಜಿ ಓಂಕಾಳಿನ ನೀರು ಕುಡಿಸಿದ್ದರು. ಆಶಾ ಕಾರ್ಯಕರ್ತೆ ಪಕ್ಕಕ್ಕೆ ಕರೆದು ನಿಧಾನವಾಗಿ ಕೇಳಿದಾಗಲೇ ಉರಿಮೂತ್ರ ಎಂದು ತಿಳಿದಿದ್ದು. ದಿನವಿಡೀ ನೀರು ಕುಡಿಯದೆ, ಶೌಚಾಲಯಕ್ಕೆ ಹೋಗದೆ ತಡೆದುಕೊಂಡು ಕೂರುವ ಹೆಣ್ಣುಮಕ್ಕಳಿಗೆ ಇದು ಸಾಮಾನ್ಯ. ಈಗ ನಮ್ಮ ತರಗತಿಯಲ್ಲಿ ಮೂತ್ರ ಮಾಡುವ ಜಾಗ, ಮಲ ಮಾಡುವ ಜಾಗ ಎಂದು ಸ್ಪಷ್ಟವಾಗಿ ಹೇಳಿಕೊಡುತ್ತೇವೆ. "ಒಂದಕ್ಕೆ ಹೋಗ್ಲಾ ಮಿಸ್" ಎಂದು ಬೆರಳೆತ್ತುವ ಮಗುವನ್ನು ಪಾಠದ ನಡುವೆಯೂ ತಡೆಯುವುದಿಲ್ಲ. ಮೊದಲ ವಾರ ಮಕ್ಕಳು ಮುಸಿಮುಸಿ ನಕ್ಕರು, ಆಮೇಲೆ ಮರೆತೇಬಿಟ್ಟರು.

ಕುಟುಂಬದ ಪಾಠದ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಇಬ್ಬರು ಮಕ್ಕಳಿರುವ ಚಿತ್ರ ತೋರಿಸಿ, ನಿಮ್ಮ ಕುಟುಂಬದ ಚಿತ್ರ ಬರೆಯಿರಿ ಅನ್ನುತ್ತೇವೆ. ನಮ್ಮೂರಿನ ಎಷ್ಟೋ ಮಕ್ಕಳ ಅಮ್ಮಂದಿರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದಾರೆ, ಅಪ್ಪಂದಿರು ಕಟ್ಟಡದ ಕೆಲಸದಲ್ಲಿದ್ದಾರೆ, ಯುಗಾದಿಗೂ ಗೌರಿಹಬ್ಬಕ್ಕೂ ಬಂದು ಹೋಗುತ್ತಾರೆ. ಮೂರನೇ ತರಗತಿಯ ಒಬ್ಬಳು ಅಜ್ಜಿಯನ್ನೂ ತನ್ನನ್ನೂ ಬರೆದು, ಪಕ್ಕದಲ್ಲಿ ರಾಗಿಯ ಡಬ್ಬ, ಡಬ್ಬಕ್ಕೆ ಒರಗಿಸಿಟ್ಟ ಮೊಬೈಲು, ಮೊಬೈಲಿನೊಳಗೆ ಅಮ್ಮನ ಮುಖ ಬರೆದಿದ್ದಳು. ಮುಖ ಸ್ವಲ್ಪ ಓರೆಯಾಗಿತ್ತು, ನೆಟ್‌ವರ್ಕ್ ಸಿಗದಾಗ ಹಾಗೇ ಕಾಣುತ್ತದೆಂದು ವಿವರಿಸಿದಳು. ಸಂಬಂಧಗಳ ಪಾಠ ಹೇಳಬೇಕಾದವರು ಇಂಥ ಚಿತ್ರದಿಂದ ಶುರುಮಾಡಬೇಕು. ದೂರವಿರುವ ಅಮ್ಮ ನೆನಪಾದಾಗ ಏನು ಮಾಡ್ತೀಯ, ಅಳು ಬಂದಾಗ ಯಾರ ಹತ್ತಿರ ಹೋಗ್ತೀಯ ಎಂದು ಕೇಳಿದರೆ ಮಗುವಿನ ಬದುಕಿನಲ್ಲಿ ನಂಬಿಕಸ್ಥ ದೊಡ್ಡವರು ಯಾರು ಅನ್ನುವುದು ತಾನಾಗಿ ತಿಳಿಯುತ್ತದೆ. ಕೆಲವು ಮಕ್ಕಳಿಗೆ ಯಾರೂ ಇಲ್ಲ ಅನ್ನುವುದೂ ತಿಳಿಯುತ್ತದೆ.

ಹುಡುಗರೆಲ್ಲ ಹೊರಗೆ

ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ತಿಳಿಸುವ ದಿನ ಆರು, ಏಳನೇ ತರಗತಿಯ ಹುಡುಗರ ಕೈಗೆ ಚೆಂಡು ಕೊಟ್ಟು ಮೈದಾನಕ್ಕೆ ಕಳಿಸುವುದು ಎಲ್ಲ ಶಾಲೆಗಳಲ್ಲೂ ನಡೆದುಬಂದಿರುವ ರೂಢಿ. ಬಾಗಿಲು ಹಾಕಿ, ಕಿಟಕಿ ಮುಚ್ಚಿ, ದನಿ ತಗ್ಗಿಸಿ ಹೇಳುತ್ತಾರೆ. ವಾಪಸು ಬಂದ ಹುಡುಗರ ಕಣ್ಣು ಹುಡುಗಿಯರ ಬ್ಯಾಗಿನ ಮೇಲೆ. ಸರ್ಕಾರದ ಶುಚಿ ಯೋಜನೆಯ ಪ್ಯಾಡು ಹಂಚಿದ ದಿನ ಆ ಪೊಟ್ಟಣವನ್ನು ಪುಸ್ತಕಗಳ ನಡುವೆ ಬಚ್ಚಿಟ್ಟುಕೊಂಡು ಮನೆಗೆ ಹೋಗುವ ಹುಡುಗಿಯರು, ಹಾದಿಯಲ್ಲಿ ಅದನ್ನೇ ಕೇಳಿ ಕಾಡಿಸುವ ಹುಡುಗರು. ಐದನೇ ತರಗತಿಯಲ್ಲೇ ಮೈನೆರೆಯುವ ಮಕ್ಕಳು ಈಗ ಅಪರೂಪವೇನಲ್ಲ. ಹನ್ನೊಂದು ವರ್ಷದ ಮಗು ಲಂಗದ ಮೇಲಿನ ಕಲೆ ನೋಡಿ ತನಗೇನೋ ಗಾಯವಾಗಿದೆ ಎಂದು ಹೆದರಿ ಶೌಚಾಲಯದಲ್ಲೇ ಕೂತುಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಈ ಪಾಠ ಐದನೇ ತರಗತಿಯಲ್ಲೇ ಆಗಬೇಕು, ಹುಡುಗರೂ ಒಳಗಿರಬೇಕು ಎಂದು ನಾನು ಎಚ್ಚೆಮ್ಮರನ್ನು ಕೇಳಿಕೊಂಡೆ. ಪೋಷಕರು ಗಲಾಟೆ ಮಾಡಿದರೆ ಎಂಬ ಭಯ ಅವರಿಗಿತ್ತು. ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯ ಇಬ್ಬರು ಹೆಣ್ಣುಮಕ್ಕಳು ಬೆನ್ನಿಗೆ ನಿಂತ ಮೇಲೆ ಒಪ್ಪಿದರು.

ಆ ತರಗತಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗರ್ಭಕೋಶದ ಚಿತ್ರ ಬರೆದು, ಒಳಗೋಡೆಗೆ ತಿಂಗಳಿಗೊಮ್ಮೆ ಮೆತ್ತನೆಯ ಪದರ ಕಟ್ಟುವುದು, ಮಗು ಬರದಿದ್ದಾಗ ಅದು ಕಳಚಿ ರಕ್ತದ ಜೊತೆ ಹೊರಬರುವುದು, ಇಷ್ಟನ್ನು ಹೇಳಿದೆ. ಹುಡುಗರು ತಲೆ ತಗ್ಗಿಸಿ ಕೂತಿದ್ದರು. ಒಬ್ಬ ಮಾತ್ರ ಚಿತ್ರವನ್ನೇ ನೋಡುತ್ತಿದ್ದ. ಅವನು ಗೊಲ್ಲ ಸಮುದಾಯದವರು ವಾಸಿಸುವ ಗೊಲ್ಲರಹಟ್ಟಿಯಿಂದ ಬರುವ ಹುಡುಗ. ತುಮಕೂರು, ಚಿತ್ರದುರ್ಗದ ಕಡೆಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮುಟ್ಟಾದವರೂ ಬಾಣಂತಿಯರೂ ಹಟ್ಟಿಯ ಹೊರಗೆ ಉಳಿಯುವ ಪದ್ಧತಿ ಕೆಲವು ಕಡೆ ಈಗಲೂ ಇದೆ. 2023ರ ಜುಲೈಯಲ್ಲಿ ತುಮಕೂರಿನ ಹತ್ತಿರದ ಹಟ್ಟಿಯೊಂದರಲ್ಲಿ ಮಳೆ ಗಾಳಿಯ ನಡುವೆ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ರಾಜ್ಯವೇ ಮರುಗಿತ್ತು.

ಆ ಹುಡುಗ ಎದ್ದು ನಿಂತು, "ಮಿಸ್, ನಮ್ಮಮ್ಮ ಹೊರಗಿದ್ದಾಗ ನಾನೇ ಊಟ ತಗೊಂಡೋಗೋದು. ದೂರ ಇಟ್ಟು ಬರ್ತೀನಿ" ಅಂದ.

ಇಡೀ ತರಗತಿಯಲ್ಲಿ ಈ ವಿಷಯವನ್ನು ಹತ್ತಿರದಿಂದ ಬಲ್ಲವನು ಅವನೇ. ತಿಂಗಳು ತಿಂಗಳೂ ಅಮ್ಮನಿಗೆ ತಟ್ಟೆ ಒಯ್ಯುವ ಮಗುವನ್ನು ಚೆಂಡು ಕೊಟ್ಟು ಮೈದಾನಕ್ಕೆ ಕಳಿಸಿ ನಾವು ಯಾವುದನ್ನು ಮುಚ್ಚಿಡುತ್ತಿದ್ದೆವು? "ಹತ್ರ ಹೋಗಿ ಕೊಟ್ರೆ ಏನಾಗುತ್ತೆ ಮಿಸ್?" ಎಂದು ಕೇಳಿದ. ಏನೂ ಆಗಲ್ಲ ಅಂದೆ. "ದೇವ್ರಿಗೆ?" ಅಂದ. ಅವನ ಮನೆಯ ದೇವರ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಹಾಗೆಂದು ಉತ್ತರ ಕೊಡದೆ ಬಿಡುವಂತೆಯೂ ಇರಲಿಲ್ಲ. "ಈ ರಕ್ತ ಕೊಳಕಲ್ಲ. ನೀನು, ನಾನು, ಎಲ್ಲರೂ ಹುಟ್ಟೋಕೆ ಮುಂಚೆ ಬೆಳೆದಿದ್ದು ಆ ಗರ್ಭಕೋಶದ ಒಳಗೇ. ಚಳಿಯಲ್ಲಿ ಹೊರಗೆ ಮಲಗಿದ್ರೆ ಅಮ್ಮಂಗೆ ಹುಷಾರು ತಪ್ಪುತ್ತೆ, ಅದು ಮಾತ್ರ ಖಂಡಿತ. ಅಮ್ಮನ್ನ ಕೇಳು, ಅವ್ರಿಗೆ ಹೊರಗಿರೋಕೆ ಹೇಗನ್ಸುತ್ತೆ ಅಂತ." ಒಂದೆರಡು ದಿನ ಬಿಟ್ಟು ಬಂದು ಹೇಳಿದ: ಅಮ್ಮ ಮೊದಲು ನಕ್ಕಳಂತೆ, ಆಮೇಲೆ "ಗಂಡುಮಕ್ಳಿಗೂ ಇದನ್ನ ಹೇಳ್ತಾರೇನೋ ನಿಮ್ ಮಿಸ್ಸು?" ಎಂದು ಬಹಳ ಹೊತ್ತು ಕೇಳಿದಳಂತೆ. ಹೇಗನ್ನಿಸುತ್ತದೆ ಎಂಬ ಪ್ರಶ್ನೆಗೆ "ರಾತ್ರಿ ಹೆದ್ರಿಕೆ ಆಗುತ್ತೆ" ಅಂದಳಂತೆ. ಆ ಹುಡುಗನಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹುಡುಗಿಯರಿಗೆ ಪ್ಯಾಡು ಕೊಡುವುದು ಆರೋಗ್ಯ ಶಿಕ್ಷಣ ಎಂದು ಲೆಕ್ಕಕ್ಕೆ ಹಿಡಿಯುತ್ತೇವೆ. ಅಮ್ಮನಿಗೆ ರಾತ್ರಿ ಹೆದರಿಕೆಯಾಗುತ್ತದೆ ಎಂದು ಮಗನಿಗೆ ತಿಳಿದದ್ದನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು? ತುಂಬಲು ಕಾಲಂ ಇಲ್ಲದಿದ್ದರೂ ಅದು ನಡೆಯಬೇಕು. ಗಂಡುಮಕ್ಕಳನ್ನು ಹೊರಗಿಟ್ಟು ಹೆಣ್ಣುಮಕ್ಕಳಿಗೆ ಮಾತ್ರ ಎಚ್ಚರಿಕೆ ಹೇಳುವ ಶಿಕ್ಷಣದಿಂದ ಹೆಣ್ಣುಮಕ್ಕಳ ಭಯ ಹೆಚ್ಚುತ್ತದೆ, ಗಂಡುಮಕ್ಕಳು ಇದ್ದಂತೆಯೇ ಉಳಿಯುತ್ತಾರೆ. ತೊಂದರೆಗೆ ಸಿಕ್ಕುವ ಗಂಡುಮಕ್ಕಳೂ ಇದ್ದಾರೆ ಅನ್ನುವುದಂತೂ ನಮ್ಮ ಯಾರ ತಲೆಗೂ ಬರುವುದಿಲ್ಲ. ನಾನು ಮೇಲೆ ಹೇಳಿದ 2007ರ ಅಧ್ಯಯನದಲ್ಲಿ ಹಾಗೆ ಹೇಳಿಕೊಂಡವರಲ್ಲಿ ಗಂಡುಮಕ್ಕಳೇ ಅರ್ಧಕ್ಕಿಂತ ಹೆಚ್ಚಿದ್ದರು.

ರಬ್ಬರ್ ಕಳೆದ ವಾರ

ಈಗ ದೂರುಗಳ ವಿಷಯಕ್ಕೆ ಬರುತ್ತೇನೆ. ನಮ್ಮ ತರಗತಿಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ನಾನು ಬೇವಿನ ಮರದ ಕಟ್ಟೆಯ ಮೇಲೆ ಕೂರುತ್ತೇನೆ. ಯಾರಿಗೆ ಏನು ಹೇಳುವುದಿದ್ದರೂ ಅಲ್ಲಿಗೆ ಬರಬಹುದು. ನಾನು ಮಧ್ಯೆ ಮಾತಾಡುವುದಿಲ್ಲ. ಹೇಳುವವರು ಪೂರ್ತಿ ಹೇಳಬೇಕು, ಎದುರಿನವರಿದ್ದರೆ ಅವರು ಹೇಳಿದ್ದನ್ನು ಕೇಳಿಸಿಕೊಂಡು ಮತ್ತೆ ಹೇಳಿ ತೋರಿಸಬೇಕು, ಆಮೇಲೆ ತಮ್ಮ ಮಾತು. ಒಮ್ಮೆ ಒಬ್ಬ ಹುಡುಗ ಇನ್ನೊಬ್ಬಳನ್ನು "ಕರಿಯಮ್ಮ" ಎಂದು ಕರೆದ ಜಗಳ ಬಂತು. "ನಾನು ತಮಾಷೆಗೆ ಅಂದಿದ್ದು" ಅಂದ. ಅವಳು ಹೇಳಿದ್ದನ್ನು ಮೊದಲು ಹೇಳು ಅಂದೆ. ಅವನು, "ನಾನು ಹಾಗೆ ಕರ್ದಾಗ ಎಲ್ಲಾರೂ ನಗ್ತಾರಂತೆ, ಆಗ ಅವ್ಳಿಗೆ ಸ್ಕೂಲಿಗೆ ಬರೋಕೇ ಇಷ್ಟ ಆಗಲ್ವಂತೆ" ಎಂದು ಹೇಳುತ್ತ ಹೇಳುತ್ತ ದನಿ ತಗ್ಗಿಸಿದ. ನಾನು ಬೈಯಬೇಕಾಗಲಿಲ್ಲ. ಮರುದಿನ ಅವನೇ ಬೇರೆ ಯಾರೋ ಹಾಗೆ ಕರೆದರೆಂದು ದೂರು ತಂದ.

ಕಟ್ಟೆಗೆ ಬರುವ ದೂರುಗಳಲ್ಲಿ ಬಹುಪಾಲು ರಬ್ಬರು, ಪೆನ್ಸಿಲು, ಗೋಲಿಯವು. ಸಹೋದ್ಯೋಗಿಗಳು "ಇದಕ್ಕೆಲ್ಲ ಟೈಮ್ ಕೊಟ್ರೆ ಪಾಠ ಯಾವಾಗ ಮೇಡಂ?" ಎಂದು ಕೇಳಿದ್ದಾರೆ. ಕೇಳುವುದು ನ್ಯಾಯವೇ. ಅವರಿಗೆ ನಾನು ಒಂದು ಮಗುವಿನ ವಿಷಯ ಹೇಳಿದೆ. ಅದು ವಾರವಿಡೀ ದಿನವೂ ರಬ್ಬರ್ ಕಳೆದುಹೋಯಿತೆಂದು ಬಂದು ಹೇಳುತ್ತಿತ್ತು. ಹುಡುಕಿದರೆ ಜಾಮಿಟ್ರಿ ಡಬ್ಬಿಯಲ್ಲೇ ಇರುತ್ತಿತ್ತು. ಅದರ ಜೊತೆ ಕೂತು, ಇದು ಎಲ್ಲಿ ಸಿಕ್ಕಿತು, ನಿನ್ನೆ ಎಲ್ಲಿಟ್ಟಿದ್ದೆ ಎಂದು ದಿನವೂ ಮಾತಾಡಿದೆವು. ವಾರದ ಕೊನೆಯಲ್ಲಿ ಒಂದು ದಿನ ರಬ್ಬರಿನ ಮಾತೆತ್ತಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು, ಬೇರೆ ಮಕ್ಕಳು ಹೋದ ಮೇಲೆ, "ಮಿಸ್, ಹೇಳಿದ್ರೆ ಬೈತೀರಾ?" ಎಂದು ಕೇಳಿತು.

ಅದು ಹೇಳಿದ್ದೇನು ಎಂದು ನಾನಿಲ್ಲಿ ಬರೆಯುವುದಿಲ್ಲ. ಮಗುವಿನ ಗುರುತು ಸಿಗುವ ಏನನ್ನೂ ಬರೆಯಲು ಕಾನೂನು ಬಿಡುವುದಿಲ್ಲ, ನನಗೂ ಮನಸ್ಸಿಲ್ಲ. ಆದರೆ ಆ ವಾರವನ್ನು ಮಾತ್ರ ಬರೆಯಲೇಬೇಕು. ಆ ಮಗು ವಾರವಿಡೀ ನನ್ನನ್ನು ಪರೀಕ್ಷೆ ಮಾಡುತ್ತಿತ್ತು. ಸಣ್ಣದನ್ನು ಹೇಳಿದಾಗ ಈಕೆ ರೇಗುತ್ತಾಳೆಯೇ, ನಗುತ್ತಾಳೆಯೇ, ಎಲ್ಲರೆದುರು ಹೇಳಿಬಿಡುತ್ತಾಳೆಯೇ, ನನ್ನನ್ನು ನಂಬುತ್ತಾಳೆಯೇ ಎಂದು ನೋಡುತ್ತಿತ್ತು. ಮಕ್ಕಳ ಜೊತೆ ಇರುವ ಎಲ್ಲರೂ ಇದನ್ನು ತಿಳಿದುಕೊಳ್ಳಬೇಕೆಂದು ನನಗೆ ತೀವ್ರವಾಗಿ ಅನ್ನಿಸುತ್ತದೆ. ದೊಡ್ಡ ವಿಷಯವನ್ನು ಮಗು ನೇರವಾಗಿ ತರುವುದು ಅಪರೂಪ. ಮೊದಲು ರಬ್ಬರನ್ನು ಕಳಿಸುತ್ತದೆ. ರಬ್ಬರಿಗೆ "ಹೋಗು ಕೂತ್ಕೋ" ಎಂಬ ಉತ್ತರ ಸಿಕ್ಕರೆ ಹಿಂದೆ ಇದ್ದದ್ದು ಹಿಂದೆಯೇ ಉಳಿಯುತ್ತದೆ. ಆಮೇಲೆ ಯಾವ ಫ್ಲೆಕ್ಸು ಬಂದರೂ ಅದು ಹೊರಗೆ ಬರುವುದಿಲ್ಲ.

ಮುಂದೆ ಆಗಬೇಕಾದದ್ದು ಆಯಿತು. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ, ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಊರಿನ ಹಿರಿಯರಲ್ಲಿ ಕೆಲವರು ಶಾಲೆಗೆ ಬಂದು "ಏನೂ ಆಗಿಲ್ವಲ್ಲ ಮೇಡಂ, ಮಗೂಗೆ ಮುಂದೆ ಮದ್ವೆ ಆಗ್ಬೇಕು" ಅಂದರು. 1098ಕ್ಕೆ ಕರೆ ಹೋಗಿಯಾಗಿತ್ತು. ಮಗುವಿನ ಹೇಳಿಕೆ ಪಡೆಯಲು ಮಹಿಳಾ ಅಧಿಕಾರಿಯೊಬ್ಬರು ಸಮವಸ್ತ್ರವಿಲ್ಲದೆ, ಸಾಧಾರಣ ಚೂಡಿದಾರಿನಲ್ಲಿ ಬಂದರು. ಕಾಯ್ದೆ ಹಾಗೇ ಹೇಳುತ್ತದೆ, ಆಕೆ ಅದನ್ನು ಪಾಲಿಸಿದರು. ಮಗು ಹೇಳಿದ್ದನ್ನು ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದರು. ಆ ಮಗು ಈಗಲೂ ಶಾಲೆಗೆ ಬರುತ್ತಿದೆ.

ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು ಈಗ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ತಮ್ಮದೂ ಒಂದು ಹತ್ತು ನಿಮಿಷ ಇಟ್ಟುಕೊಂಡಿದ್ದಾರೆ. ತರಬೇತಿಗಳಲ್ಲಿ ಕಾನೂನಿನ ಸೆಕ್ಷನ್ನುಗಳನ್ನು ಪಿಪಿಟಿಯಲ್ಲಿ ತೋರಿಸುತ್ತಾರೆ, ಅದು ಬೇಕು. ಅದರ ಜೊತೆಗೆ ಮಗು ಮಾತಾಡುವಾಗ ನಮ್ಮ ಮುಖ ಹೇಗಿರಬೇಕು, ಯಾವ ಪ್ರಶ್ನೆ ಕೇಳಬಾರದು, "ಯಾಕೆ ಮೊದ್ಲೇ ಹೇಳ್ಲಿಲ್ಲ" ಅನ್ನುವುದು ಮಗುವನ್ನು ಹೇಗೆ ಕುಗ್ಗಿಸುತ್ತದೆ ಎಂದು ಶಿಕ್ಷಕರನ್ನು ಜೋಡಿ ಜೋಡಿಯಾಗಿ ಕೂರಿಸಿ ಅಭ್ಯಾಸ ಮಾಡಿಸಬೇಕು. ಒಂದು ಇಡೀ ದಿನವನ್ನು ಇದಕ್ಕೇ ಕೊಟ್ಟರೂ ನಷ್ಟವಿಲ್ಲ. ಇದನ್ನು ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಅವರಿಗೆ ಬರೆದುಕೊಟ್ಟಿದ್ದೇನೆ.

ಅಜ್ಜನ ತೊಡೆ

ಶಾಲೆಯಲ್ಲಿ ಇಷ್ಟೆಲ್ಲ ಮಾಡಿದರೂ ಮನೆಯ ರೂಢಿ ಬೇರೆಯೇ ಇರುತ್ತದೆ. ಮನೆಗೆ ಬಂದ ನೆಂಟರಿಗೆ "ಮಾಮಂಗೆ ಮುತ್ತು ಕೊಡು" ಅನ್ನುವುದು, ಕೊಡದಿದ್ದರೆ "ಎಷ್ಟು ಜಂಬ ನೋಡು" ಅನ್ನುವುದು, ಮಗು ಅಳುತ್ತಿದ್ದರೂ ಎತ್ತಿ ಇನ್ನೊಬ್ಬರ ಕೈಗೆ ಕೊಡುವುದು, ಗಲ್ಲ ಹಿಂಡುವುದು. ಇದರಲ್ಲಿ ಹೆಚ್ಚಿನದು ನಿಜವಾದ ಅಕ್ಕರೆಯೇ. ಆ ಅಕ್ಕರೆಯ ನಡುವೆಯೂ ಮಗು ಕಲಿಯುವುದು, ತನ್ನ ಇಷ್ಟಕ್ಕಿಂತ ದೊಡ್ಡವರ ಖುಷಿ ಮುಖ್ಯ ಎಂದು.

ಕಳೆದ ಪೋಷಕರ ಸಭೆಗೆ ಒಬ್ಬ ಅಪ್ಪ ಬಂದಿದ್ದರು. ಸಾಮಾನ್ಯವಾಗಿ ತಾಯಂದಿರೇ ಬರುವುದು, ಹಾಗಾಗಿ ಹಿಂದೆ ಕೂತು ಎಲ್ಲ ಮುಗಿಯುವವರೆಗೆ ಕಾದರು. ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು, "ಮೇಡಂ, ನೀವು ಏನೋ ಹೇಳ್ಕೊಟ್ಟಿದೀರಂತೆ. ನನ್ ಮಗ್ಳು ಈಗ ತಾತನ ತೊಡೆ ಮೇಲೆ ಕೂರಲ್ಲ ಅಂತಾಳೆ. ಗಡ್ಡ ಚುಚ್ಚುತ್ತಂತೆ. ನಮ್ಮಪ್ಪ ಊಟ ಬಿಟ್ಟು ಕೂತವ್ರೆ" ಅಂದರು. ಸಿಟ್ಟಿರಲಿಲ್ಲ, ನಿಜವಾಗಿ ದಾರಿ ಕಾಣದೆ ಕೇಳುತ್ತಿದ್ದರು. ತಾತನಿಗೆ ಮೊಮ್ಮಗಳ ಮೇಲೆ ಜೀವ ಎಂದು ನನಗೂ ಗೊತ್ತು, ಮಳೆ ಬಂದರೆ ಕೊಡೆ ಹಿಡಿದು ಗೇಟಿನ ಹತ್ತಿರ ನಿಲ್ಲುವ ಮನುಷ್ಯ.

"ಅವಳು ತಾತ ಬೇಡ ಅಂದಿಲ್ಲ, ತೊಡೆ ಮೇಲೆ ಬೇಡ ಅಂದಿದಾಳೆ" ಅಂದೆ. "ಪಕ್ಕದಲ್ಲಿ ಕೂತ್ಕೊಳ್ಳಮ್ಮ ಅಂತ ತಾತ ಹೇಳಿದ್ರೆ ಅವಳೇ ಬಂದು ಕೂರ್ತಾಳೆ. ಇವತ್ತು ತಾತ ಅವಳ ಮಾತು ಕೇಳಿದ್ರೆ, ನಾಳೆ ಬೇರೆ ಯಾರಾದ್ರೂ ಕೇಳ್ದೇ ಇದ್ದಾಗ ಅವಳಿಗೆ ವ್ಯತ್ಯಾಸ ಗೊತ್ತಾಗುತ್ತೆ."

ಅವರು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. "ನಂಗೆ ಅರ್ಥ ಆಯ್ತು ಮೇಡಂ. ನಮ್ಮಪ್ಪಂಗೆ ನಾನು ಹೇಳಿದ್ರೆ ಆಗಲ್ಲ. ನೀವೇ ಹೇಳ್ಬೇಕು" ಅಂದರು.

ಅವರು ಹೇಳಿದ್ದು ಸರಿ. ಅಮ್ಮಂದಿರು ಊರಲ್ಲಿಲ್ಲದ ಮನೆಗಳಲ್ಲಿ ಮಕ್ಕಳನ್ನು ಸಾಕುತ್ತಿರುವವರೇ ಅಜ್ಜ, ಅಜ್ಜಿಯರು, ಅವರನ್ನು ನಾವು ಒಂದು ಸಭೆಗೂ ಕರೆದಿಲ್ಲ. ದಸರಾ ರಜೆಗೆ ಮುಂಚೆ ಅವರಿಗೇ ಒಂದು ಸಭೆ ಇಡೋಣ ಎಂದು ಎಸ್‌ಡಿಎಂಸಿಯಲ್ಲಿ ಕೇಳಿದ್ದೇನೆ. ಸಮಿತಿಯವರು, ಸಂತೆಯ ದಿನ ಮಾತ್ರ ಬೇಡ, ಕೂರಲು ಬೆಂಚು ಹಾಕಿಸಿ, ನೆಲದ ಮೇಲೆ ಕೂತರೆ ಅವರಿಗೆ ಏಳಲು ಆಗುವುದಿಲ್ಲ ಅಂದಿದ್ದಾರೆ. ಬೆಂಚುಗಳಿಗೆ ಪಕ್ಕದ ಪ್ರೌಢಶಾಲೆಯಲ್ಲಿ ಮಾತಾಡಿದ್ದೇನೆ.